ನಿರ್ಮಾಲ್ಯದಲ್ಲಿ ಸಿಕ್ಕ ಹೂವು

ಸಸ್ಯಶಾಸ್ತ್ರದ ಮೇಷ್ಟ್ರಿಗೆ ಮೊದಲ ಶತ್ರು ಸೀಲಿಂಗ್ ಫ್ಯಾನು. ಬ್ಲೇಡಿನಿಂದ ತೆಳ್ಳಗೆ ಕತ್ತರಿಸಿದ ಕಾಂಡದ ಚೂರು, ಬಿಡಿಸಿಟ್ಟ ಕೇಸರ, ಎಲ್ಲವನ್ನೂ ಅದು ಹಾರಿಸಿಬಿಡುತ್ತದೆ. ಹಾಗಾಗಿ ಚೆನ್ನೈನ ಏಪ್ರಿಲ್ ತಿಂಗಳಲ್ಲೂ ನಮ್ಮ ಪ್ರಯೋಗಾಲಯದಲ್ಲಿ ಫ್ಯಾನು ಹಾಕುವಂತಿರಲಿಲ್ಲ. ಕೆಲಸಕ್ಕಿದ್ದಷ್ಟು ಕಾಲವೂ ನಾನು ಬೆವರಿಕೊಂಡೇ ಪಾಠ ಮಾಡಿದೆ. ಈಗ ನಿವೃತ್ತಿಯಾಗಿ ಮನೆಯಲ್ಲಿ ಹಾಯಾಗಿ ಫ್ಯಾನಿನ ಕೆಳಗೆ ಕೂತರೂ, ಏನೋ ಹಾರಿಹೋದೀತು ಎಂದು ಕೈ ತಾನಾಗಿಯೇ ಮೇಜಿನ ಮೇಲೆ ಅಡ್ಡ ಹೋಗುತ್ತದೆ. ನಮ್ಮ ಮನೆಯವರು ನಗುತ್ತಾರೆ.

ಇದನ್ನೆಲ್ಲ ಬರೆಯುವುದಕ್ಕೆ ಕಾರಣ ನಮ್ಮ ಮೇಲಿನ ಮಹಡಿಯ ಹುಡುಗಿ. ಅವಳಿಗೆ ಈಚೆಗೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಸೇರಿದೊಡನೆ ಏನೋ ತರಬೇತಿ ಕೊಟ್ಟರಂತೆ, ಜೊತೆಗೊಂದು ಚೀಲ. ಲಿಫ್ಟಿನಲ್ಲಿ ಸಿಕ್ಕವಳು ಕೇಳಿದಳು: "ಆಂಟಿ, ಸ್ಟೂಡೆಂಟ್ಸ್‌ಗೆ ಕ್ರಿಟಿಕಲ್ ಥಿಂಕಿಂಗ್, ಕ್ರಿಯೇಟಿವ್ ಥಿಂಕಿಂಗ್ ಎರಡೂ ಕಲಿಸ್ಬೇಕಂತೆ. ನೀವು ಹೆಂಗೆ ಕಲಿಸ್ತಿದ್ರಿ?" ಚೀಲದ ಮೇಲೂ ಅವೇ ಪದಗಳನ್ನು ಅಚ್ಚು ಹಾಕಿಸಿದ್ದರು. ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನ ಮಹಡಿ ಬಂದುಬಿಟ್ಟಿತು. ಲಿಫ್ಟಿನಲ್ಲಿ ಹೇಳಿ ಮುಗಿಸುವ ಸಂಗತಿಯೂ ಅದಲ್ಲ. ಯಾವಾಗ ನನಗೆ ಯಾವ ಹುದ್ದೆ ಬಂತು ಎಂಬುದೆಲ್ಲ ನನ್ನ ಪಿಂಚಣಿ ಕಡತದಲ್ಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಾನು ಸೇರಿದ್ದು ನಗರದ ಒಂದು ಹೆಣ್ಣುಮಕ್ಕಳ ಕಾಲೇಜಿಗೆ. ವಿಭಾಗದ ಮುಖ್ಯಸ್ಥೆ ರುಕ್ಮಿಣಿ ಮ್ಯಾಡಂ. ಪಶ್ಚಿಮ ಮಾಂಬಲದ ಮಾಧ್ವರು, ಅಜ್ಜನ ಕಾಲಕ್ಕೇ ಮದರಾಸಿಗೆ ಬಂದು ನೆಲೆನಿಂತ ಮನೆತನ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು, ಸಿಟ್ಟು ಬಂದರೆ ಮೂರೂ ಒಟ್ಟಿಗೆ. ಬೆಳಿಗ್ಗೆ ಮನೆಯ ಪುಟ್ಟ ಕೃಷ್ಣನಿಗೆ ಹೂವೇರಿಸದೆ ಕಾಫಿ ಮುಟ್ಟುತ್ತಿರಲಿಲ್ಲ, ಪಠ್ಯಪುಸ್ತಕ ತೆರೆದಿಡದೆ ಪಾಠ ಶುರು ಮಾಡುತ್ತಿರಲಿಲ್ಲ. ಪೆನ್ಸಿಲಿನ ಮೊನೆ ಮೊಂಡಾಗಿದ್ದರೆ ಹುಡುಗಿಯನ್ನು ಹೊರಗೆ ನಿಲ್ಲಿಸುತ್ತಿದ್ದರು. ಅದೇ ಹುಡುಗಿ ಸೆಕೆಗೆ ತಲೆಸುತ್ತಿ ಬಿದ್ದರೆ ತಮ್ಮ ಫ್ಲಾಸ್ಕಿನ ನೀರುಮಜ್ಜಿಗೆಯನ್ನು ಕೈಯಾರೆ ಕುಡಿಸುತ್ತಿದ್ದರು. ಅವರನ್ನು ಕಂಡರೆ ನನಗೆ ಭಯ ಎಷ್ಟಿತ್ತೋ ಪ್ರೀತಿಯೂ ಅಷ್ಟೇ ಇತ್ತು.

ಪ್ರತಿ ವಿದ್ಯಾರ್ಥಿನಿಯೂ ರೆಕಾರ್ಡ್ ಎಂಬ ದಪ್ಪ ಹಾಳೆಯ ಪುಸ್ತಕದಲ್ಲಿ ತಾನು ನೋಡಿದ ಸಸ್ಯದ ಚಿತ್ರ ಬರೆದು ಒಪ್ಪಿಸಬೇಕು. ನೋಡಿದ ಸಸ್ಯ ಎಂದು ನಿಯಮ. ನಡೆಯುತ್ತಿದ್ದದ್ದೇ ಬೇರೆ. ಮೇಜಿನ ಮೇಲೆ ದಾಸವಾಳ ಇರುತ್ತಿತ್ತು, ಅದರ ಪಕ್ಕದಲ್ಲಿ ಪುಸ್ತಕ ತೆರೆದಿರುತ್ತಿತ್ತು, ಹುಡುಗಿಯರೆಲ್ಲ ಪುಸ್ತಕದ ದಾಸವಾಳವನ್ನು ನಕಲು ಮಾಡುತ್ತಿದ್ದರು. ಮೇಜಿನ ಮೇಲಿನ ಹೂವನ್ನು ಯಾರೂ ತಿರುಗಿ ನೋಡದೆ ಅದು ಅಲ್ಲೇ ಬಾಡುತ್ತಿತ್ತು. "ಚಿತ್ರ ಪುಸ್ತಕದಲ್ಲಿ ಇರೋ ಹಾಗೇ ಬರಬೇಕು. ಕಲೆ ತೋರಿಸ್ಬೇಕಿದ್ರೆ ಅದಕ್ಕೆ ಬೇರೆ ಕಾಲೇಜಿದೆ" ಎನ್ನುತ್ತಿದ್ದರು ರುಕ್ಮಿಣಿ ಮ್ಯಾಡಂ. ನಾನೂ ಹಾಗೇ ಓದಿ ಬಂದವಳು, ಹಾಗೇ ಕಲಿಸತೊಡಗಿದೆ.

ಅದನ್ನು ಕೈಬಿಟ್ಟದ್ದು ಬಾಳೆ ಎಲೆಯ ದೆಸೆಯಿಂದ. ಒಂದು ಮಧ್ಯಾಹ್ನ ವಿಪರೀತ ತಲೆನೋವು. ನೋಟ್ಸ್ ಹೇಳಿ ಬರೆಸುತ್ತಿದ್ದೆ. ಮಾವಿನ ಎಲೆಯ ನರಗಳು ಬಲೆಯ ಹಾಗೆ ಹೆಣೆದುಕೊಂಡಿರುತ್ತವೆ, ಬಾಳೆ ಎಲೆಯಲ್ಲಿ ಸಾಲಾಗಿ ಓಡುತ್ತವೆ ಎಂದು ಹೇಳುವ ಬದಲು ಉಲ್ಟಾ ಹೇಳಿಬಿಟ್ಟೆ. ಬಾಯಿಂದ ಬಂದದ್ದು ನನಗೇ ಗೊತ್ತಾಗಲಿಲ್ಲ. ಮುಂದಿನ ವಾರ ಕಿರುಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ಕೂತರೆ, ಇಡೀ ತರಗತಿ ಗಿಣಿಪಾಠ ಒಪ್ಪಿಸಿದೆ: ಬಾಳೆ ಎಲೆಗೆ ಬಲೆ ನರ, ಮಾವಿನೆಲೆಗೆ ಸಾಲು ನರ. ಬಲೆ ನರದ ಬಾಳೆ ಎಲೆಯ ಅಂದವಾದ ಚಿತ್ರಗಳೂ ಇದ್ದವು! ಹಬ್ಬ, ಮದುವೆ, ಮುಂಜಿ ಎಂದು ಹುಟ್ಟಿದಾಗಿನಿಂದ ಬಾಳೆ ಎಲೆಯ ಮೇಲೆ ಉಂಡು ಬೆಳೆದ ಮಕ್ಕಳು. ನಾನು ತಲೆ ಚಚ್ಚಿಕೊಂಡೆ.

"ನೀವು ಯಾರೂ ಬಾಳೆ ಎಲೆ ನೋಡೇ ಇಲ್ವೇನ್ರಮ್ಮ?" ಎಂದು ತರಗತಿಯಲ್ಲಿ ಕೇಳಿದೆ.

ಮುಂದಿನ ಬೆಂಚಿನವಳು ಎದ್ದು ನಿಂತು ಬಹಳ ವಿನಯದಿಂದ ಹೇಳಿದಳು: "ನೋಡಿದೀವಿ ಮ್ಯಾಡಂ. ಆದ್ರೆ ನೀವು ಹೇಳಿದ್ರಲ್ಲ."

ಆ ಮಾತು ನನಗೆ ಬಹಳ ದಿನ ಮುಳ್ಳಿನ ಹಾಗೆ ಚುಚ್ಚಿತು. ಅವಳು ಒರಟಾಗಿ ಹೇಳಿದ್ದಲ್ಲ, ನನ್ನ ಮೇಲಿನ ಗೌರವದಿಂದಲೇ ಹೇಳಿದ್ದು. ನಮ್ಮ ಮಕ್ಕಳಿಗೆ ಯೋಚಿಸಲು ಬರುವುದಿಲ್ಲ ಎಂದು ದೂರುವವರಿಗೆಲ್ಲ ನಾನು ಇದನ್ನು ಹೇಳುತ್ತೇನೆ. ಅವರಿಗೆ ಕಣ್ಣಿದೆ, ಬುದ್ಧಿಯೂ ಇದೆ. ದೊಡ್ಡವರು ಹೇಳಿದ ಮೇಲೆ ತಮ್ಮ ಕಣ್ಣನ್ನು ನಂಬುವುದು ಮರ್ಯಾದೆಯಲ್ಲ ಎಂದು ನಾವೇ ಕಲಿಸಿಬಿಟ್ಟಿದ್ದೇವೆ.

ಅವತ್ತಿನಿಂದ ಒಂದು ಪದ್ಧತಿ ಶುರು ಮಾಡಿದೆ. ಪ್ರಯೋಗದ ತರಗತಿಯಲ್ಲಿ ಮೊದಲು ಸ್ವಲ್ಪ ಹೊತ್ತು ಪುಸ್ತಕ ಚೀಲದಲ್ಲಿರಬೇಕು, ಪೆನ್ಸಿಲ್ ಕೆಳಗಿರಬೇಕು. ಮುಂದಿಟ್ಟದ್ದನ್ನು ಸುಮ್ಮನೆ ನೋಡಬೇಕು. ಆಮೇಲೆ ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿಯನ್ನು ಒಬ್ಬೊಬ್ಬರೂ ಹೇಳಬೇಕು. ಹೂವು ಮೊದಲು, ಪುಸ್ತಕ ಆಮೇಲೆ. ಮೊದಲ ದಿನ ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡು ಕಿಸಕ್ಕೆಂದರು. ಕೊನೆಗೆ ಒಬ್ಬಳು ಹೆದರಿಕೊಂಡು, "ಮ್ಯಾಡಂ, ಇದರೊಳಗೆ ಇರುವೆ ಇದೆ" ಎಂದಳು.

"ಭೇಷ್. ಇರುವೆ ಪುಸ್ತಕದಲ್ಲಿಲ್ಲ. ಯಾಕೆ ಬಂತು ಅದು?"

"ಸಕ್ಕರೆಗೆ ಮ್ಯಾಡಂ."

"ಸಕ್ಕರೆ ಎಲ್ಲಿದೆ, ತೋರಿಸು."

ಅವಳು ಹೂವಿನ ಬುಡದವರೆಗೂ ಕೆದಕಿ ನೋಡಿದಳು. ಪಕ್ಕದವಳು, ದುಂಬಿಗೆ ಅಂತ ಇಟ್ಟದ್ದನ್ನು ಇರುವೆ ಕದ್ದರೆ ಗಿಡಕ್ಕೇನು ಲಾಭ ಎಂದು ಕೇಳಿದಳು. ನನಗೂ ಉತ್ತರ ಪಕ್ಕಾ ಗೊತ್ತಿರಲಿಲ್ಲ. ಗೊತ್ತಿಲ್ಲ, ಹುಡುಕೋಣ ಎಂದೆ. ಹೊಸ ಮೇಷ್ಟ್ರುಗಳೇ, ಇದನ್ನು ಹೇಳಲು ನಾಲಿಗೆ ಮೊದಮೊದಲು ಏಳುವುದಿಲ್ಲ, ಆಮೇಲೆ ಅಭ್ಯಾಸವಾಗುತ್ತದೆ. ಎಲ್ಲ ದಿನವೂ ಹೀಗೆ ರಂಗೇರುತ್ತಿತ್ತು ಎಂದುಕೊಳ್ಳಬೇಡಿ. ಎಷ್ಟೋ ದಿನ ಎಲ್ಲರೂ ಸಾಲಾಗಿ "ಹಸಿರಾಗಿದೆ ಮ್ಯಾಡಂ" ಎಂದು ಹೇಳಿ ಕೂತುಬಿಡುತ್ತಿದ್ದರು.

ರುಕ್ಮಿಣಿ ಮ್ಯಾಡಂಗೆ ಇದು ಹಿಡಿಸಲಿಲ್ಲ. "ಪೋರ್ಷನ್ ಮುಗಿಯೋದು ಯಾವಾಗ ಸುಶೀಲಾ? ಪರೀಕ್ಷೆ ಬರೆಯೋಕೆ ನಿನ್ನ ಇರುವೆ ಬರತ್ತಾ?" ಆದರೂ ಅವರು ಪದ್ಧತಿಯನ್ನು ನಿಲ್ಲಿಸಲಿಲ್ಲ. ಕೆಲವೊಮ್ಮೆ ಬಾಗಿಲ ಬಳಿ ನಿಂತು ಕೇಳಿಸಿಕೊಂಡು ಹೋಗುತ್ತಿದ್ದರು.

ವಡಪಳನಿಯಿಂದ ಕಯಲ್ ಎಂಬ ಹುಡುಗಿ ಬರುತ್ತಿದ್ದಳು. ಅವಳ ಅಪ್ಪ ಸಿನಿಮಾ ಸ್ಟುಡಿಯೋಗಳಲ್ಲಿ ಸೆಟ್ ಹಾಕುವ ಕೆಲಸದವರು. ಎಲೆ ಹೂವು ತರುವ ಸರದಿ ಬಂದ ದಿನ ಕಯಲ್ ಒಂದು ಕೊಂಬೆಯನ್ನು ತಂದು ಗಂಭೀರವಾಗಿ ಮೇಜಿನ ಮೇಲಿಟ್ಟಳು. ಎಲ್ಲರೂ ದೂರದಿಂದ ನೋಡಿ ಹೆಸರು ಹುಡುಕತೊಡಗಿದರು. ನಾನು ಕೈಗೆತ್ತಿಕೊಂಡೆ. ಬಟ್ಟೆಯ ಹೂವು! ಸೆಟ್ಟಿನಿಂದ ತಂದಿದ್ದಾಳೆ. ಬೈಯಬೇಕೆಂದು ಬಾಯಿ ತೆರೆದವಳಿಗೆ ನಗು ಬಂತು. ಕೊಂಬೆಯನ್ನು ಅಲ್ಲೇ ಇಟ್ಟು, "ಇದು ಸುಳ್ಳು ಹೂವು. ಮುಟ್ಟದೆ, ಮೂಸದೆ, ಸುಳ್ಳು ಅಂತ ಹೇಗೆ ಹೇಳ್ತೀರಿ? ಹೇಳಿ ನೋಡೋಣ" ಎಂದೆ.

ಅವತ್ತು ನಡೆದಂಥ ತರಗತಿ ಮತ್ತೆ ನಡೆಯಲಿಲ್ಲ. ಪರಾಗವಿಲ್ಲ ಎಂದಳು ಒಬ್ಬಳು. ಬಾಡಿದ ಹೂವು ಒಂದೂ ಇಲ್ಲ, ಮೊಗ್ಗೂ ಇಲ್ಲ, ಎಲ್ಲ ಹೂವಿಗೂ ಒಂದೇ ವಯಸ್ಸು ಎಂದಳು ಇನ್ನೊಬ್ಬಳು. ಕಿಟಕಿಯ ಕಡೆಯಿಂದ ಒಂದು ಮೆಲ್ಲನೆಯ ದನಿ ಬಂತು: "ಹುಳ ತಿಂದ ಗುರುತಿಲ್ಲ ಮ್ಯಾಡಂ. ಎಲ್ಲಾ ಎಲೆನೂ ಒಂದೇ ತರ ಇದೆ. ನಿಜವಾದ ಗಿಡ ಇಷ್ಟು ಒಳ್ಳೇ ಹುಡುಗಿ ತರ ಇರಲ್ಲ."

ಎಲ್ಲರೂ ಘೊಳ್ಳೆಂದು ನಕ್ಕರು. ಹೇಳಿದವಳು ಮಂಜುಳಾ.

ಮಂಜುಳಾ ಪೆರಂಬೂರಿನವಳು. ಅಪ್ಪ ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರು. ಮನೆಮಾತು ಕನ್ನಡ. ಆದರೆ ಶಾಲೆಯೆಲ್ಲ ಅಲ್ಲೇ ಆದದ್ದರಿಂದ ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರಿಸುತ್ತಿದ್ದಳು. ಬರಬರುತ್ತ ಎರಡನ್ನೂ ಕಲಸಿ ಒಂದು ಭಾಷೆ ಮಾಡಿಕೊಂಡೆವು. ನೋಡಿದ್ದನ್ನೇ ನೋಡುತ್ತ ಕೂರುವ ಹುಡುಗಿ, ಯಾವ ರೆಕಾರ್ಡನ್ನೂ ಹೇಳಿದ ದಿನಕ್ಕೆ ಒಪ್ಪಿಸಿದವಳಲ್ಲ. "ನಿಧಾನವೇ ಪ್ರಧಾನ ಅಂತ ಹೇಳಿದ್ದು ಇವಳಿಗೋಸ್ಕರ ಅಲ್ಲಮ್ಮ" ಎಂದು ರುಕ್ಮಿಣಿ ಮ್ಯಾಡಂ ಗೊಣಗುತ್ತಿದ್ದರು. ಅವಳಿಗೆ ಎಂ.ಎಸ್ಸಿ. ಓದುವ ಆಸೆ. ಮೆರಿಟ್ಟಿನಲ್ಲಿ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ರೈಲ್ವೆ ಪರೀಕ್ಷೆಗೆ ಕೂತುಕೋ ಎಂದಿದ್ದರು ಅಪ್ಪ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಮನೆಯಲ್ಲಿ ಅವಳ ಹಿಂದೆ ಇನ್ನೂ ಮಕ್ಕಳಿದ್ದರು.

ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆ ಬಂತು. ಬೇರೆ ಕಾಲೇಜಿನಿಂದ ಒಬ್ಬ ಹಿರಿಯರು ಎಕ್ಸ್‌ಟರ್ನಲ್ ಆಗಿ ಬಂದರು. ನಮ್ಮ ಕಡೆಯ ಪರೀಕ್ಷಕರು ರುಕ್ಮಿಣಿ ಮ್ಯಾಡಂ. ನಾನು ಸಹಾಯಕ್ಕೆ. ಆ ಬೇಸಿಗೆ ಕಾಲೇಜಿನ ತೋಟವನ್ನು ನೀರಿನ ಪೈಪಿಗಾಗಿ ಅಗೆದುಹಾಕಿದ್ದರು, ಪರೀಕ್ಷೆಗೆ ಕೊಡಲು ಹೂವಿಲ್ಲ. "ನಮ್ಮನೆ ನಂದಿಬಟ್ಟಲು ತುಂಬಾ ಬಿಟ್ಟಿದೆ, ನಾನೇ ತರ್ತೀನಿ" ಎಂದು ಮ್ಯಾಡಂ ಬೆಳಿಗ್ಗೆ ಬುಟ್ಟಿ ತುಂಬ ತಂದರು. ಒಂದು ಸುತ್ತಿನ ನಂದಿಬಟ್ಟಲು, ಗಿರಿಗಿಟ್ಟಲೆಯ ಹಾಗೆ ಒಂದೇ ಕಡೆಗೆ ತಿರುಗಿದ ಐದು ಬಿಳಿ ಎಸಳು. ಅರ್ಧ ಕೃಷ್ಣನಿಗೆ, ಅರ್ಧ ವಿಶ್ವವಿದ್ಯಾಲಯಕ್ಕೆ ಎಂದು ನಗಾಡಿದರು.

ಒಬ್ಬೊಬ್ಬರಿಗೆ ಒಂದೊಂದು ಹೂವು. ಅದರ ಚಿತ್ರ ಬರೆದು, ಸೀಳಿ, ಭಾಗಗಳನ್ನೆಣಿಸಿ, ಲೆಕ್ಕವನ್ನು ಸೂತ್ರದ ರೂಪದಲ್ಲಿ ಬರೆಯಬೇಕು. ಹೂವಿನ ಈ ಪ್ರಶ್ನೆಗೇ ಹೆಚ್ಚು ಅಂಕ. ಮಧ್ಯಾಹ್ನದ ಹೊತ್ತಿಗೆ ಎಕ್ಸ್‌ಟರ್ನಲ್ ಮಂಜುಳಾಳ ಮೇಜಿನ ಮುಂದೆ ನಿಂತದ್ದು ಕಂಡಿತು. ಅವಳು ಆರು ಎಸಳು ಬರೆದಿದ್ದಳು. ಆರು ಕೇಸರ. ಸೂತ್ರದಲ್ಲೂ ಆರು.

"ಇದು ಯಾವ ಗಿಡಮ್ಮ?" ಎಂದು ಅವರು ತಮಿಳಿನಲ್ಲಿ ಕೇಳಿದರು. ಅವಳು ಸರಿಯಾಗಿ ಹೇಳಿದಳು. "ಎಷ್ಟು ಎಸಳು ಇರಬೇಕು?"

"ಐದು ಸಾರ್."

"ಮತ್ತೆ?"

"ಇದರಲ್ಲಿ ಆರು ಇತ್ತು ಸಾರ್."

ತೋರಿಸಲು ಏನೂ ಉಳಿದಿರಲಿಲ್ಲ. ಸೀಳಿದ ಹೂವು ಸೆಕೆಗೆ ಕಂದಿ, ತೊಟ್ಟಿನ ಹಾಲು ಅಂಟಿಕೊಂಡು ಮುದ್ದೆಯಾಗಿತ್ತು. ಅವರು ಸೂಜಿಯಿಂದ ಕೆದಕಿ, ಕತ್ತರಿಸುವಾಗ ನೀನೇ ಒಂದು ಎಸಳನ್ನು ಎರಡು ಮಾಡಿದ್ದೀಯ ಎಂದರು. "ಅನುಮಾನ ಬರಲಿಲ್ವಾ ನಿನಗೆ?"

"ಬಂತು ಸಾರ್. ಅದಕ್ಕೇ ಕತ್ತರಿಸೋ ಮುಂಚೆ ಮತ್ತೆ ಮತ್ತೆ ಎಣಿಸಿದೆ."

ಅವರು ಕೆಟ್ಟವರಲ್ಲ. ಎಷ್ಟೋ ವರ್ಷಗಳಿಂದ ಈ ಹೂವನ್ನು ನೋಡಿದವರು. ರುಕ್ಮಿಣಿ ಮ್ಯಾಡಂ ಕಡೆ ತಿರುಗಿದರು. "ನಮ್ಮ ಮನೇ ಗಿಡ ಸಾರ್" ಎಂದರು ಮ್ಯಾಡಂ. "ದಿನಾ ನಾನೇ ನೀರು ಹಾಕಿ ನಾನೇ ಬಿಡಿಸೋದು. ಅದರಲ್ಲಿ ಐದೇ." ಆಮೇಲೆ ಮಂಜುಳಾಗೆ ಕನ್ನಡದಲ್ಲಿ, "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಅವಸರ ಮಾಡ್ಕೊಂಡ್ಯಲ್ಲೇ" ಎಂದರು. ಜನ್ಮದಲ್ಲಿ ಅವಸರ ಮಾಡದ ಹುಡುಗಿಗೆ ಆ ಮಾತು. ಹೂವಿನ ಪ್ರಶ್ನೆಯ ಅಡ್ಡಕ್ಕೆ ಕೆಂಪು ಗೆರೆ ಬಿತ್ತು. ಅಷ್ಟು ಅಂಕ ಹೋದರೆ ಮೆರಿಟ್ ಪಟ್ಟಿಯಲ್ಲಿ ಅವಳ ಹೆಸರು ಇರುವುದಿಲ್ಲ ಎಂದು ನಮಗೆಲ್ಲರಿಗೂ ಗೊತ್ತಿತ್ತು.

ಸಂಜೆ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ.

"ಉತ್ತರ ಐದು ಅಂತ ಗೊತ್ತಿತ್ತಲ್ಲ ಮಂಜು. ಸುಮ್ನೆ ಐದು ಅಂತ ಬರೆದುಬಿಡಬಾರದಿತ್ತಾ?"

"ಬರೀಬೇಕು ಅಂತ್ಲೇ ಪೆನ್ಸಿಲ್ ಇಟ್ಟೆ ಮ್ಯಾಡಂ" ಎಂದಳು. ತಮಿಳಿನ ನಡುವೆ ಅಪರೂಪಕ್ಕೆ ಕನ್ನಡ ಬಂತು. "ಹೂವು ಮುಂದೆನೇ ಇತ್ತಲ್ವಾ. ಅದನ್ನ ನೋಡ್ಕೊಂಡು ಹೆಂಗೆ ಮ್ಯಾಡಂ ಸುಳ್ಳು ಬರಿಯೋದು? ಹೂವು ಮೊದ್ಲು ಅಂತ ನೀವು ತಾನೇ ಹೇಳಿದ್ದು." ಆಮೇಲೆ, "ಪರವಾಯಿಲ್ಲೆ ಮ್ಯಾಡಂ. ರೈಲ್ವೆ ಕೆಲ್ಸನೂ ಒಳ್ಳೇದೇ" ಎಂದಳು.

ಬಾಳೆ ಎಲೆಯ ಹುಡುಗಿ ನನ್ನ ಮಾತು ನಂಬಿ ಅಂಕ ಕಳೆದುಕೊಂಡಿದ್ದಳು, ಇವಳು ತನ್ನ ಕಣ್ಣು ನಂಬಿ ಕಳೆದುಕೊಂಡಳು. ಕಲಿಸಿದವಳು ನಾನೇ. ಅಂಕ ಹಾಕುವ ಅಧಿಕಾರ ಮಾತ್ರ ನನಗಿರಲಿಲ್ಲ. ಬೇರೆ ಮೇಷ್ಟ್ರ ಕೈಗೆ ಸಿಕ್ಕಿದ್ದರೆ ಅವಳು ಐದು ಎಂದು ಬರೆದು, ಸೀಟು ಪಡೆದು, ಸುಖವಾಗಿರುತ್ತಿದ್ದಳೇನೋ. ಹೊರಡುವ ಮುನ್ನ ರುಕ್ಮಿಣಿ ಮ್ಯಾಡಂ ಬಳಿ ಹೋಗಿ, "ಮ್ಯಾಡಂ, ಅವಳು ಸುಳ್ಳು ಹೇಳೋಳಲ್ಲ" ಎಂದಷ್ಟೇ ಹೇಳಿದೆ. ಅವರು ಖಾಲಿ ಬುಟ್ಟಿ ತೆಗೆದುಕೊಂಡು ಮನೆಗೆ ಹೋದರು.

ಮರುದಿನ ಇನ್ನೊಂದು ತಂಡದ ಪರೀಕ್ಷೆ. ಅದು ಮುಗಿದ ಮೇಲೆಯೇ ಅಂಕಪಟ್ಟಿ ಕವರು ಸೇರುವುದು. ನಾನು ಬೇಗ ಹೋಗಿ ಮೇಜು ಒರೆಸುತ್ತಿದ್ದೆ. ರುಕ್ಮಿಣಿ ಮ್ಯಾಡಂ ಬಂದರು. ತಲೆಗೆ ನೀರು ಹಾಕಿಕೊಂಡಿದ್ದು ಹಾಗೇ ಇದೆ, ಹಣೆಗೆ ಇಟ್ಟದ್ದು ಸೊಟ್ಟಗಿದೆ. ಕೈಯಲ್ಲೊಂದು ಸ್ಟೀಲ್ ಡಬ್ಬಿ.

"ಬಾಗಿಲು ಹಾಕು ಸುಶೀಲಾ. ಕಾಫಿ ಕೂಡ ಕುಡಿದಿಲ್ಲ ನಾನು."

ಡಬ್ಬಿ ತೆರೆದರು. ಒಳಗೆ ತುಳಸಿ ದಳ, ಗಂಧದ ಅಂಟು, ಬಾಡಿದ ನಂದಿಬಟ್ಟಲು. ಹಿಂದಿನ ದಿನ ಕೃಷ್ಣನಿಗೆ ಏರಿಸಿ, ಇವತ್ತು ಬೆಳಿಗ್ಗೆ ತೆಗೆದ ನಿರ್ಮಾಲ್ಯ. ಅದು ತುಳಸಿ ಬುಡಕ್ಕೆ ಹೋಗಬೇಕೇ ಹೊರತು ಇನ್ನೆಲ್ಲಿಗೂ ಅಲ್ಲ. ಅವರಂಥ ಮಡಿವಂತೆ ಅದನ್ನು ಬಸ್ಸಿನಲ್ಲಿ ಹೊತ್ತು ತಂದಿದ್ದಾರೆ ಎಂದರೆ ನನಗೆ ನಂಬಲಾಗಲಿಲ್ಲ. ಅವರು ಗಾಜಿನ ತಟ್ಟೆಗೆ ನೀರು ಹಾಕಿ, ಒಂದು ಬಾಡಿದ ಹೂವನ್ನು ಎತ್ತಿ ಮೆಲ್ಲಗೆ ತೇಲಿಬಿಟ್ಟರು. ಎಸಳು ಒಂದೊಂದಾಗಿ ನೀರಿನ ಮೇಲೆ ಬಿಡಿಸಿಕೊಂಡಿತು.

"ಎಣಿಸು."

ಎಣಿಸಿದೆ. ಆರು.

"ನೆನ್ನೆ ಒಂದೇ ಬುಟ್ಟಿ ಅಲ್ವಾ ಕೃಷ್ಣನಿಗೂ ಈ ಮಕ್ಕಳಿಗೂ" ಎಂದರು. "ನಿರ್ಮಾಲ್ಯ ತೆಗೆಯೋವಾಗ ನಿನ್ನ ಮಾತು ನೆನಪಾಯ್ತು, ಒಂದೊಂದೇ ನೋಡಿದೆ. ಇಂಥ ಮೂರು ಹೂವು ಸಿಕ್ತು ಕಣೇ. ಆಮೇಲೆ ಗಿಡದ ಹತ್ರ ಹೋದೆ. ಗೋಡೆ ಕಡೆ ಒಂದು ಕೊಂಬೆ ಇದೆ. ಅದೊಂದರಲ್ಲೇ ಕೆಲವು ಹೂವಿಗೆ ಆರು. ಮದುವೆಯಾಗಿ ಆ ಮನೆಗೆ ಬಂದಾಗಿಂದ ಅದೇ ಗಿಡದ ಹೂವು ಏರಿಸ್ತಿದೀನಿ. ಪೂಜೆ ಮಾಡೋವಾಗ ಕಣ್ಣು ಮುಚ್ತೀನಿ, ಪಾಠ ಮಾಡೋವಾಗ ಪುಸ್ತಕ ನೋಡ್ತೀನಿ. ಹೂವು ನೋಡಿದ್ದು ಯಾವಾಗ?" ತೇಲುವ ಹೂವಿನ ಮೇಲೆ ಬಗ್ಗಿದರು. "ಅವಸರ ಮಾಡ್ಕೊಂಡೆ ಅಂತ ಆ ಮಗೂನ ಬೈದೆನಲ್ಲೇ."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಹಿತ್ತಲ ಗಿಡವನ್ನು ನಾವು ನೋಡುವುದೂ ಇಲ್ಲ. ನಾನು ಕ್ಯಾಂಟೀನಿಗೆ ಓಡಿಹೋಗಿ ಕಾಫಿ ತಂದುಕೊಟ್ಟೆ. ನೀರಿನ ಮೇಲಿನ ಹೂವನ್ನೇ ನೋಡುತ್ತ ಕುಡಿದರು.

ಎಕ್ಸ್‌ಟರ್ನಲ್ ಬಂದರು. ಬಾಡಿದ ಹೂವಿನ ಮಾತು ಅವರು ಒಪ್ಪಲಿಕ್ಕಿಲ್ಲ ಎಂದು ಗೊತ್ತಿದ್ದೇ ಮ್ಯಾಡಂ ಆ ಕೊಂಬೆಯ ಮೊಗ್ಗುಗಳನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಎಕ್ಸ್‌ಟರ್ನಲ್ ಒಂದೊಂದು ಮೊಗ್ಗನ್ನೂ ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮೊದಲನೆಯದರಲ್ಲಿ ಐದೇ ಕೇಸರ. ಎರಡನೆಯದರಲ್ಲೂ ಐದು. ಮ್ಯಾಡಂ ಸೆರಗು ಹಿಂಡುತ್ತ ನಿಂತಿದ್ದರು. ಅದರ ಮುಂದಿನದನ್ನು ಇಟ್ಟು ಎಕ್ಸ್‌ಟರ್ನಲ್ ಬಹಳ ಹೊತ್ತು ಬಗ್ಗಿ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಆರು ಮ್ಯಾಡಂ" ಎಂದರು. ಮಂಜುಳಾಳ ಉತ್ತರ ಪತ್ರಿಕೆ ತರಿಸಿ, ತಮ್ಮ ಕೆಂಪು ಗೆರೆಯನ್ನು ತಾವೇ ಹೊಡೆದುಹಾಕಿ, ಅಂಕ ಬರೆದರು. ತಿದ್ದಿದ್ದಕ್ಕೆ ಇಬ್ಬರೂ ಸಹಿ ಮಾಡಿದರು. ಹೋಗುವಾಗ ಸ್ವಲ್ಪ ಸಂಕೋಚದಿಂದ, "ಆ ಕೊಂಬೆಯಿಂದ ನನಗೊಂದು ಕಡ್ಡಿ ಕೊಡ್ತೀರಾ? ಮನೇಲಿ ನೆಟ್ಕೋತೀನಿ" ಎಂದು ಕೇಳಿದರು.

ಮಂಜುಳಾಳನ್ನು ಕರೆಸಿ ವಿಷಯ ಹೇಳಿದವರು ರುಕ್ಮಿಣಿ ಮ್ಯಾಡಮ್ಮೇ. ಅವಳು ಮೊದಲು ಕೇಳಿದ್ದು ಅಂಕದ ಸುದ್ದಿಯಲ್ಲ. "ಒಂದೇ ಕೊಂಬೆಯಲ್ಲಿ ಯಾಕೆ ಮ್ಯಾಡಂ ಹಾಗೆ?" ಎಂದಳು. ಮ್ಯಾಡಂ ನನ್ನ ಕಡೆ ನೋಡಿದರು, ಅವಳ ಕಡೆ ನೋಡಿದರು. "ಗೊತ್ತಿಲ್ಲಮ್ಮ" ಎಂದರು. ಅಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಅವಳಿಗೆ ಸೀಟು ಸಿಕ್ಕಿತು. ಓದಿ ಮುಗಿಸಿ ಈಗ ಐ.ಟಿ. ಕಂಪನಿಗಳ ಶೋಳಿಂಗನಲ್ಲೂರಿನ ಆಚೆ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಆಫೀಸು ಕ್ಯಾಬುಗಳ ನಡುವೆ ಸ್ಕೂಟರ್ ನುಗ್ಗಿಸಿಕೊಂಡು ಹೋಗುತ್ತಾಳಂತೆ, ಕೇಳಿದರೆ ನನಗೆ ಭಯವಾಗುತ್ತದೆ. ನನ್ನ ಕಾಲಕ್ಕೆ ಒಣ ಮಾದರಿ ಹೋಗಿ ಸ್ಲೈಡು ಬಂತು, ಸ್ಲೈಡು ಹೋಗಿ ಪರದೆ ಬಂತು. ಅವಳ ಕಾಲಕ್ಕೆ ಪ್ರಬಂಧವನ್ನೇ ಬರೆದುಕೊಡುವ ಯಂತ್ರ ಬಂದಿದೆ. ಅವಳು ಅದನ್ನು ಬೈಯುತ್ತ ಕೂತಿಲ್ಲ. ಯಂತ್ರ ಬರೆದುಕೊಟ್ಟದ್ದನ್ನು ತರಗತಿಗೆ ತಂದು, ಕಯಲ್ ತಂದ ಬಟ್ಟೆ ಹೂವಿನ ಕತೆ ಹೇಳಿ, ಇದರಲ್ಲಿ ಹುಳ ತಿಂದ ಗುರುತು ಎಲ್ಲಿದೆ ಹುಡುಕಿ ಎನ್ನುತ್ತಾಳಂತೆ. ಸಿಗದಿದ್ದರೆ, ನಿಮ್ಮ ಬೀದಿಯ ಗಿಡ ನೋಡಿ ಬಂದು ನೀವೇ ಬರೆಯಿರಿ ಎನ್ನುತ್ತಾಳೆ. ಮೇಲಿನ ಮಹಡಿಯ ಹುಡುಗಿಗೆ ಅವಳ ನಂಬರು ಕೊಟ್ಟಿದ್ದೇನೆ.

ಕಳೆದ ತಿಂಗಳು ನಾವಿಬ್ಬರೂ ರುಕ್ಮಿಣಿ ಮ್ಯಾಡಂ ಮನೆಗೆ ಹೋಗಿದ್ದೆವು. ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಫ್ಲ್ಯಾಟು ಕಟ್ಟಿದ್ದಾರೆ. ಆ ಕೊಂಬೆಯಿಂದ ಮಾಡಿದ ಗಿಡ ಬಾಲ್ಕನಿಯ ಕುಂಡದಲ್ಲಿದೆ. ಮಗಳ ಜೊತೆ ಇದ್ದಾರೆ. ಕಣ್ಣು ಬಹುತೇಕ ಹೋಗಿದೆ, ಬೆಳಕು ಮಾತ್ರ ತಿಳಿಯುತ್ತದೆ. ನಾವು ಹೋದಾಗ ಹೂವಿನ ತಟ್ಟೆ ಮಡಿಲಲ್ಲಿಟ್ಟುಕೊಂಡು, ಒಂದೊಂದನ್ನೂ ಬೆರಳಿನಿಂದ ತಡವಿ ಎಣಿಸಿ, ಕೃಷ್ಣನ ಮುಂದೆ ಇಡುತ್ತಿದ್ದರು. ಆ ಪರೀಕ್ಷೆಯ ಮರುದಿನದಿಂದ ಎಣಿಸದೆ ಒಂದು ಹೂವನ್ನೂ ಏರಿಸಿಲ್ಲವಂತೆ. ಮಗಳು ಹೇಳಿದಳು.

"ಬಾರೇ ಸುಶೀಲಾ. ಇವಳ್ಯಾರು, ನಮ್ಮ ನಿಧಾನದೋಳಾ?" ಎಂದು ಮಂಜುಳಾಳ ಕೈ ಸವರಿದರು. ಆಮೇಲೆ ತಟ್ಟೆಯಿಂದ ಒಂದು ಹೂವು ಎತ್ತಿ, ಬೆರಳಾಡಿಸಿ, ನನ್ನ ಕಡೆ ಚಾಚಿದರು. ಮುಖ ಅರಳಿತ್ತು. "ನೋಡೇ, ಇದು ಆರು. ಅಲ್ವಾ?"

ನೋಡಿದೆ. ಐದು. ಆದರೆ ಆ ಮುಖ ನೋಡಿ ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ವಯಸ್ಸಾದವರು, ಬೆರಳು ತಪ್ಪಿರಬೇಕು.

"ಹೌದು ಮ್ಯಾಡಂ, ಆರೇ."

ಅವರು ಹೂವನ್ನು ಮಂಜುಳಾ ಕಡೆ ತಿರುಗಿಸಿದರು. "ನೀನು ಹೇಳಮ್ಮ."

ಮಂಜುಳಾ ಹೂವನ್ನು ಬಾಲ್ಕನಿಯ ಬೆಳಕಿಗೆ ಒಯ್ದು, ತಿರುಗಿಸಿ, ಎಣಿಸಿ, ವಾಪಸು ಬಂದು ಅವರ ಮುಂದೆ ಕೂತಳು.

"ಇಲ್ಲ ಮ್ಯಾಡಂ" ಎಂದಳು ಮೆಲ್ಲಗೆ. "ಇದರಲ್ಲಿ ಐದೇ ಇದೆ."

ರುಕ್ಮಿಣಿ ಮ್ಯಾಡಂ ಜೋರಾಗಿ ನಕ್ಕುಬಿಟ್ಟರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಐದು ಅಂತ ನನ್ನ ಬೆರಳಿಗೆ ಗೊತ್ತಿಲ್ವೇನೇ? ಯಾರು ನಿಜ ಹೇಳ್ತಾರೆ ನೋಡೋಣ ಅಂತ ಕೇಳಿದೆ. ಸುಶೀಲಾ, ನಿನಗೆ ಸೊನ್ನೆ."

ಆ ಹೂವನ್ನು ಅವರು ಕೃಷ್ಣನಿಗೆ ಇಡಲಿಲ್ಲ. ಮಂಜುಳಾಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಮ್ಮ ಎರಡೂ ಕೈಯಿಂದ ಮುಚ್ಚಿದರು.